ಪ್ಯಾರಿಸ್ಸಿನ ಗೋಡೆಯ ಮೇಲೆ ನನ್ನ ಬೆನ್ನು

ಸೂರ್ಬ್ವಾ ಗ್ರಾಮ, ಫೊಂತೆನ್‌ಬ್ಲೊ ಕಾಡಿನ ಅಂಚು
ಫೆಬ್ರವರಿ, ೧೮೬೭

ಸಮುದ್ರದಾಚೆಯ ವರ್ಮಾಂಟಿನಲ್ಲಿರುವ ಮುಸ್ಯೂ ಥ್ಯಾಕ್ಸ್ಟರ್ ಅವರಿಗೆ, ನೀವು ಯಾರಿಗೆ ಹೆದರಿ ಓಡಿಹೋದಿರೋ ಆ ಹೊನೊರೀನ್ ಬೋದೆಯ ನಮಸ್ಕಾರಗಳು.

ನಿಮ್ಮ ಕಾಗದ ಹೊಸ ವರ್ಷದ ವಾರದಲ್ಲೇ ಬಂತು. ಅಂಚೆಯವನು ಅದನ್ನು ಮೊದಲು ಖಾನಾವಳಿಯ ಯೂಫ್ರಾಸಿಗೆ ತೋರಿಸಿದ, ಯೂಫ್ರಾಸಿ ಪಾದ್ರಿಗಳಿಗೆ ತೋರಿಸಿದಳು, ಪಾದ್ರಿಗಳು ಬೆಳಕಿಗೆ ಹಿಡಿದು ನೋಡಿದರು. ಅಮೆರಿಕದ ಅಂಚೆ ಚೀಟಿಯ ಮೇಲಿನ ಮುಖವನ್ನು ಇಡೀ ಊರಲ್ಲಿ ಎಲ್ಲರಿಗಿಂತ ಕೊನೆಗೆ ನೋಡಿದವಳು ನಾನು.

ನೀವು ಬರೆದಿರುವುದು ಒಂದೇ ಮಾತು, ಅದನ್ನು ಪುಟಗಟ್ಟಲೆ ಎಳೆದಿದ್ದೀರಿ. ಕ್ಷಮಿಸಿ, ನಿಮ್ಮ ಮಾನ ಕಳೆದೆ, ನಿಮ್ಮ ಮಗಳ ಮದುವೆ ಮುರಿದೆ, ಇನ್ನು ಈ ಜನ್ಮದಲ್ಲಿ ಮನುಷ್ಯರ ಚಿತ್ರ ಬರೆಯುವುದಿಲ್ಲ, ಬರೀ ಬೆಟ್ಟ, ಬರೀ ಮರ, ಬರೀ ಕಲ್ಲಿನ ಬೇಲಿ ಎಂದು ಆಣೆ ಹಾಕಿದ್ದೀರಿ. ಓದಿ ನನಗೆ ಸಿಟ್ಟು ಬಂತು. ಚಿತ್ರಕ್ಕಲ್ಲ, ಈ ಆಣೆಗೆ. ನೀವು ಓಡಿದ್ದು ಕಥೆಯ ನಡುವಿನಲ್ಲಿ, ಮುಸ್ಯೂ. ಕೊನೆ ಕೇಳದೆ ಎದ್ದುಹೋದವರು ಕೊನೆಗಾಗಿ ಕ್ಷಮೆ ಕೇಳಬಾರದು. ಆದ್ದರಿಂದ ಮೊದಲಿಂದ ಹೇಳುತ್ತೇನೆ. ಅರ್ಧ ನಿಮಗೆ ಗೊತ್ತಿರುವುದೇ, ಆದರೆ ನನ್ನ ಕಡೆಯಿಂದ ನೀವು ಅದನ್ನು ಕೇಳಿಲ್ಲ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಸಹಿಸಿಕೊಳ್ಳಿ. ಕನ್ಯಾಮಠದ ಅಕ್ಕಂದಿರು ನನಗೆ ಬರೆಯುವುದನ್ನು ಕಲಿಸಿದರು, ಚೆನ್ನಾಗಿ ಬರೆಯುವುದನ್ನು ಕಲಿಸುವಷ್ಟರಲ್ಲಿ ಅಪ್ಪ ಕೊಯ್ಲಿಗೆ ಕರೆದುಕೊಂಡು ಬಂದರು.

ನಮ್ಮೂರಿಗೆ ಚಿತ್ರಗಾರರು ಹೊಸಬರಲ್ಲ. ಮಳೆ ನಿಂತರೆ ಅಣಬೆ, ಬಿಸಿಲು ಬಿದ್ದರೆ ಚಿತ್ರಗಾರರು. ಸೌದೆಗೆಂದು ಕಾಡಿಗೆ ಹೋದವರು ಯಾರದೋ ಚಿತ್ರದ ಮುಂದೆ ಹಾದು, ಬೈಸಿಕೊಂಡು ಬರುವುದು ನಮಗೆ ಮಾಮೂಲು. ಆದರೆ ನೀವು ಬೇರೆ ಥರದವರು. ಒಂದು, ನಿಮ್ಮ ಗಡ್ಡ ನರಿಯ ಬಾಲದ ಬಣ್ಣದ್ದು. ಇನ್ನೊಂದು, ಬೆಳಗ್ಗೆ ದಾರಿಯಲ್ಲಿ ಸಿಕ್ಕಾಗ ನನಗೆ ಟೋಪಿ ತೆಗೆದು ವಂದಿಸಿ, ಆಮೇಲೆ ನನ್ನ ಹಸು ರುಸೆತ್‌ಗೂ ವಂದಿಸುತ್ತಿದ್ದಿರಿ. ರುಸೆತ್ ಅದನ್ನು ತೀರಾ ಮನಸ್ಸಿಗೆ ಹಚ್ಚಿಕೊಂಡು ಆಮೇಲೆ ಯಾರ ಮಾತನ್ನೂ ಕೇಳದಾಯಿತು.

ಅಕ್ಟೋಬರಿನಲ್ಲಿ, ಆಲೂಗಡ್ಡೆ ಕೀಳುವ ಹೊತ್ತಿಗೆ, ನೀವು ಬೇಲಿಯ ಹತ್ತಿರ ಬಂದು ನಿಂತಿರಿ. ನಮ್ಮ ಭಾಷೆ ಇನ್ನೂ ನಿಮ್ಮ ನಾಲಿಗೆಗೆ ಹೊಂದಿರಲಿಲ್ಲ.

"ಮಾದಾಂ ಬೋದೆ, ನಿಮ್ಮನ್ನ ನಿಮ್ಮ ಹೊಲದಲ್ಲಿ ನೆಡಬೇಕು ಅಂತಿದೀನಿ" ಎಂದಿರಿ.

"ನೆಟ್ರೆ ಚಿಗುರೋ ವಯಸ್ಸಲ್ಲ ಮುಸ್ಯೂ ನಂದು" ಎಂದೆ.

ನಿಮ್ಮ ಕಿವಿ ಗಡ್ಡಕ್ಕಿಂತ ಕೆಂಪಾಯಿತು. ನೆಡುವುದಲ್ಲ, ನಿಲ್ಲಿಸುವುದು ಎಂದು ನನ್ನ ಮಗಳು ಲಿಯೊನಿ ತಿದ್ದಿದಳು. ಗುದ್ದಲಿ ಹಿಡಿದು ನಿಲ್ಲಬೇಕು, ಸಂಜೆಯ ಬೆಳಕಿನಲ್ಲಿ, ಚಿತ್ರ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನಕ್ಕೆ ಹೋಗುತ್ತದೆ ಎಂದಿರಿ. ಪ್ಯಾರಿಸ್ ಎಂದ ಮೇಲೆ ನಾನು ಮಾಡಬೇಕಾದ್ದನ್ನು ಮಾಡಿದೆ. ಮರುದಿನ ಸಂಜೆ ಭಾನುವಾರದ ಕಪ್ಪು ಉಡುಪು, ಅತ್ತೆಯ ಕಾಲದ ಲೇಸಿನ ಟೋಪಿ, ಕೆಂಪು ಶಾಲು ಹಾಕಿಕೊಂಡು, ಗುದ್ದಲಿಯ ಕಾವನ್ನೂ ತೊಳೆದು ಬಂದು ನಿಂತೆ. ನೀವು ನನ್ನನ್ನು ನೋಡಿ ಕುಂಚ ಕೆಳಗಿಟ್ಟಿರಿ.

"ಯಾಕೆ, ಚೆನ್ನಾಗಿಲ್ವಾ?"

"ತುಂಬ ಚೆನ್ನಾಗಿದೆ ಮಾದಾಂ. ಅದೇ ತೊಂದರೆ. ದಿನಾ ಹಾಕೋದನ್ನ ಹಾಕ್ಕೊಂಡು ಬನ್ನಿ."

ದಿನಾ ಹಾಕುವುದನ್ನು ಹಾಕಿಕೊಂಡು ಬಂದೆ. ನೀಲಿ ಲಂಗ, ಒಗೆದ ಮೇಲುಡುಪು, ಹೊಲಿಗೆ ಬಿಟ್ಟಲ್ಲಿ ಹೊಲಿದದ್ದು. ಅದಕ್ಕೂ ತಲೆ ಅಲ್ಲಾಡಿಸಿದಿರಿ. "ಇದಕ್ಕಿಂತ ಹಳೇದು ಯಾವುದಾದ್ರೂ?" ಎಂದಿರಿ.

"ಇದಕ್ಕಿಂತ ಹಳೇದು ಅಂದ್ರೆ ನಮ್ಮತ್ತೆ. ಅವರು ಚರ್ಚಿನ ಹಿಂದೆ ಮಣ್ಣಲ್ಲಿ ಮಲಗಿದಾರೆ."

ಆಗ ನಿಮ್ಮ ಕಣ್ಣು ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದ ಬೆದರುಬೊಂಬೆಯ ಮೇಲೆ ಬಿತ್ತು. ಅದರ ಲಂಗ ಬಿಸಿಲಿಗೆ ಬಣ್ಣ ಬಿಟ್ಟು, ಮಳೆಗೆ ಹರಿದು, ಕಾಗೆಗಳೇ ಕನಿಕರಪಡುವ ಹಾಗಿತ್ತು. ಬೇರೆ ಗಂಡಸರು ಹುಡುಗಿಯರನ್ನೂ ಹಾಗೆ ನೋಡುವುದಿಲ್ಲ, ನೀವು ಆ ಲಂಗವನ್ನು ನೋಡಿದ ಹಾಗೆ. ಲಿಯೊನಿ ನಗು ತಡೆಯಲಾರದೆ ಕೊಟ್ಟಿಗೆಯೊಳಗೆ ಓಡಿದಳು.

ಅದನ್ನು ಉಡಲು ಯಾಕೆ ಒಪ್ಪಿದೆ? ಆಮೇಲೆ ಇಡೀ ಊರು ಕೇಳಿತು. ಯಾರಿಗೂ ನಿಜ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ನನ್ನ ಗಂಡ ಆನ್ಸೆಲ್ಮ್ ತೀರಿಕೊಂಡ ಮೇಲೆ ನನ್ನನ್ನು ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ. ಊರಿನವರು ನೋಡುತ್ತಾರೆ, ಬೋದೆಯ ಹೆಂಡತಿ ಹೋಗುತ್ತಿದ್ದಾಳೆ ಎಂದು ತಿಳಿಯುವಷ್ಟು ಮಾತ್ರ. ನೀವು ಕಣ್ಣು ಕಿರಿದು ಮಾಡಿ, ಒಂದು ಹೆಜ್ಜೆ ಹಿಂದೆ ಹೋಗಿ, ಮತ್ತೆ ಮುಂದೆ ಬಂದು, ಅಡುಗೆಯ ಉಪ್ಪು ನೋಡುವವರ ಹಾಗೆ ನಿಧಾನವಾಗಿ ನೋಡುತ್ತಿದ್ದಿರಿ. ಅದಕ್ಕೆ ಒಪ್ಪಿದೆ. ನೋಡಿ ನೋಡಿ ಕೊನೆಗೆ ಏನು ಮಾಡಿದಿರಿ? ಮುದುಕಿ ಮಾಡಿದಿರಿ.

ಆದರೆ ಅದು ನನಗಾಗ ಗೊತ್ತಿರಲಿಲ್ಲ. ಚಿತ್ರ ತೋರಿಸಿ ಎಂದರೆ ಬಟ್ಟೆ ಮುಚ್ಚುತ್ತಿದ್ದಿರಿ. ಸಂಜೆ ಸಂಜೆ ಬೊಂಬೆಯ ಲಂಗ ಉಟ್ಟು ಬೆನ್ನು ಬಗ್ಗಿಸಿ ನಿಲ್ಲುತ್ತಿದ್ದೆ. ನಿಮ್ಮ ಊರಿನಲ್ಲಿ ಹೊಲಕ್ಕೆ ಕಲ್ಲೇ ಬೆಳೆಯೆಂದೂ, ನಿಮ್ಮ ತಾಯಿ ಆ ಕಲ್ಲುಗಳನ್ನು ಆಯ್ದೂ ಆಯ್ದೂ ಬೇಲಿ ಕಟ್ಟಿದರೆಂದೂ ನೀವು ಹೇಳಿದ್ದು ಆಗಲೇ. ಅಷ್ಟೆಲ್ಲ ಮಾತಾಡಿ ಆಮೇಲೆ "ಮಾದಾಂ, ದುಃಖದ್ದು ಏನಾದ್ರೂ ನೆನೆಸ್ಕೊಳ್ಳಿ. ತೀರಿಹೋದ ಯಜಮಾನರನ್ನ ನೆನೆಸ್ಕೊಳ್ಳಿ" ಎಂದಿರಿ. ನೆನೆಸಿಕೊಂಡೆ. ಆನ್ಸೆಲ್ಮ್ ಕುಡಿದ ಮತ್ತಿನಲ್ಲಿ ಹಂದಿಯ ಮೇಲೆ ಸವಾರಿ ಮಾಡುತ್ತ, ಚರ್ಚಿನಿಂದ ಹೊರಬರುತ್ತಿದ್ದ ಬಿಷಪ್ಪರಿಗೆ ಟೋಪಿ ತೆಗೆದು ಕೈಬೀಸಿದ್ದು ನೆನಪಾಯಿತು. ನಾನು ನಕ್ಕ ನಗುವಿಗೆ ರುಸೆತ್ ಬೇಲಿ ಹಾರಿತು. ನನ್ನ ಮುಖ ದುಃಖಕ್ಕೆ ಒಗ್ಗುವುದಿಲ್ಲವೆಂದು ನಿಮಗೆ ಖಾತ್ರಿಯಾಗಿ, ತಲೆವಸ್ತ್ರವನ್ನು ಹಣೆಯವರೆಗೆ ಎಳೆಸಿ ಮುಖವನ್ನು ನೆರಳಿಗೆ ತಳ್ಳಿದಿರಿ. ಮೊದಲ ಹಿಮ ಬೀಳುವ ಮುನ್ನ ಚಿತ್ರವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಪ್ಯಾರಿಸ್ಸಿಗೆ ಹೋದಿರಿ.

ಇನ್ನು ಮುಂದಿನದರಲ್ಲಿ ಮದುವೆ ಮುರಿದ ಸುದ್ದಿಯಷ್ಟೇ ಖಾನಾವಳಿಯ ಚಿತ್ರಗಾರರಿಂದ ನಿಮ್ಮ ಕಿವಿಗೆ ಬಿದ್ದಿರಬೇಕು, ಉಳಿದದ್ದು ನಿಮಗೆ ಗೊತ್ತಿಲ್ಲ.

ಆ ಚಳಿಗಾಲದಲ್ಲಿ ಲಿಯೊನಿಗೆ ಗಂಡು ಗೊತ್ತಾಯಿತು. ಪಕ್ಕದೂರಿನ ಹಿಟ್ಟಿನ ಗಿರಣಿಯ ಒನೆಸೀಮ್ ಪ್ರೂವೊ ಅವರ ಮಗ ಫಿರ್ಮಾಂ. ಒಳ್ಳೆಯ ಹುಡುಗ, ಮಾತು ಕಡಿಮೆ, ಮೈಯೆಲ್ಲ ಹಿಟ್ಟು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದು ನಾವು ದೊಡ್ಡವರು ಮಾತಾಡುವುದಕ್ಕೆ ಬಹಳ ಮೊದಲೇ ಎಂದು ಲಿಯೊನಿಯ ಕಪ್ಪು ರವಿಕೆಯ ಮೇಲಿನ ಬಿಳಿ ಕೈಗುರುತಿನಿಂದ ತಿಳಿದಿತ್ತು. ಸೆಪ್ಟೆಂಬರಿಗೆ ಮದುವೆ ಎಂದು ಮಾತಾಯಿತು.

ಮೇ ತಿಂಗಳಲ್ಲಿ ಒಂದು ದಿನ ಶಾಲೆಯ ಮಾಸ್ತರು ಪ್ಯಾರಿಸ್ಸಿನ ಪತ್ರಿಕೆ ಹಿಡಿದುಕೊಂಡು ಯೂಫ್ರಾಸಿಯ ಖಾನಾವಳಿಗೆ ಬಂದರು. ನಾನು ಅಲ್ಲಿ ಮೊಟ್ಟೆ ಕೊಡಲು ಹೋಗಿದ್ದೆ. "ಹೊನೊರೀನ್, ನಿಮ್ಮ ಬಗ್ಗೆ ಬಂದಿದೆ!" ಎಂದು ಎಲ್ಲರ ಮುಂದೆ ಓದಿದರು. ಅದರಲ್ಲಿ ಬರೆದಿದ್ದು ಹೀಗೆ: ಅಮೆರಿಕದ ಚಿತ್ರಗಾರನ ಈ ಕೃತಿಯಲ್ಲಿ ಹಸಿವೇ ಹೆಣ್ಣಾಗಿ ನಿಂತಿದೆ. ಈ ಬಾಗಿದ ಪ್ರಾಣಿಯನ್ನು ನೋಡಿ. ಇವಳಿಗೆ ಮನೆಯಿಲ್ಲ, ಒಲೆಯಿಲ್ಲ, ರೊಟ್ಟಿಯ ರುಚಿ ಮರೆತುಹೋಗಿದೆ. ಇವಳ ಗೂನುಬೆನ್ನು ಇಡೀ ಫ್ರಾನ್ಸಿನ ಹೊರೆ ಹೊತ್ತಿದೆ.

ಮಾಸ್ತರು ಪತ್ರಿಕೆ ಮಡಿಚಿದರು. ಆಮೇಲೆ ಯೂಫ್ರಾಸಿ, "ಅಯ್ಯೋ ಹೊನೊರೀನ್, ಫ್ರಾನ್ಸನ್ನ ಸ್ವಲ್ಪ ಕೆಳಗಿಟ್ಟು ಕೂತ್ಕೊಳ್ಳೇ, ಒಂದು ಲೋಟ ವೈನ್ ಕುಡಿ" ಎಂದಳು. ಅವತ್ತಿನ ನಗು ನಿಂತದ್ದು ಯಾವಾಗಲೋ. ಒಬ್ಬ ನನಗೆ ರೊಟ್ಟಿ ತೋರಿಸಿ, "ಇದಕ್ಕೆ ರೊಟ್ಟಿ ಅಂತಾರಮ್ಮಾ, ನೆನಪಾಯ್ತಾ?" ಎಂದ.

ಊರಿನವರ ನಗುವಿಗೆ ನಾನು ಜಗ್ಗುವವಳಲ್ಲ. ಆದರೆ ಮುಂದಿನ ವಾರ ಗಿರಣಿಯ ಪ್ರೂವೊ ಬಂದರು. ಬಂದವರು ಕೂರಲಿಲ್ಲ. ನನ್ನ ಸುತ್ತ ಒಂದು ಸುತ್ತು ಬಂದು, ಕುದುರೆ ಕೊಳ್ಳುವವರ ಹಾಗೆ ಬೆನ್ನಿನ ಕಡೆ ನಿಂತರು.

"ಏನು ನೋಡ್ತಿದೀರಿ?"

"ತಪ್ಪು ತಿಳೀಬೇಡಿ ಮಾದಾಂ. ಪ್ಯಾರಿಸ್ನಲ್ಲಿ ನನ್ನ ತಂಗಿ ಇದಾಳಲ್ಲ, ಅವಳು ಆ ಚಿತ್ರ ನೋಡ್ಕೊಂಡು ಬಂದಿದಾಳೆ. ಗೂನು ವಂಶದಲ್ಲಿ ಬರುತ್ತಂತೆ. ನಾಳೆ ನಮ್ಮ ಮೊಮ್ಮಕ್ಕಳು ಮೂಟೆ ಹೊರಬೇಕು."

"ನಿಮ್ಮ ಕಣ್ಣೆದುರಿಗೇ ನೆಟ್ಟಗೆ ನಿಂತಿದೀನಲ್ಲ!"

"ನನ್ನ ಕಣ್ಣಿನ ಮಾತು ಬಿಡಿ, ನಾನು ಹಳ್ಳಿಯವನು. ಅದನ್ನ ಸರ್ಕಾರದೋರು ನೋಡಿ, ದೊಡ್ಡೋರು ನೋಡಿ, ಸರಿ ಅಂತ ಗೋಡೆಗೆ ಹಾಕಿದಾರೆ. ಅಷ್ಟು ಜನ ಸುಳ್ಳು ಹೇಳ್ತಾರಾ?"

ಸ್ವಲ್ಪ ದಿನ ನೋಡೋಣ ಎಂದು ಹೋದರು. ಲಿಯೊನಿ ಅವತ್ತು ಊಟ ಮಾಡಲಿಲ್ಲ. ನಮ್ಮ ಮನೆಯಲ್ಲಿ ಹಸಿವು ಎಂಬುದು ಕಾಲಿಟ್ಟದ್ದು ಆಗಲೇ ಮುಸ್ಯೂ, ನಿಮ್ಮ ಚಿತ್ರ ನೋಡಿಕೊಂಡು ಬಂತು.

ಜೂನ್ ಮೊದಲಲ್ಲಿ ಹುಲ್ಲು ಕೊಯ್ಲು. ಅಂಗಳದ ತುಂಬ ಕೊಯ್ಲಿನವರು, ಮೇಜಿನ ತುಂಬ ಮೊಲದ ಸಾರು, ಹಂದಿಮಾಂಸ ಹಾಕಿದ ಮೊಟ್ಟೆದೋಸೆ, ಚೆರ್ರಿ ಹಣ್ಣಿನ ಸಿಹಿ. ಅಷ್ಟರಲ್ಲಿ ಎರಡು ಕುದುರೆಯ ಗಾಡಿಯೊಂದು ಬಂದು ನಿಂತು, ಅದರಿಂದ ರೇಷ್ಮೆಯುಟ್ಟ ಇಬ್ಬರು ಹೆಂಗಸರು ಇಳಿದರು. ಒಬ್ಬರು ದಪ್ಪ, ಒಬ್ಬರು ಸಣ್ಣ. ಸಣ್ಣವರ ಕೈಯಲ್ಲಿ ಮುಚ್ಚಳವಿದ್ದ ಸೂಪಿನ ಪಾತ್ರೆ.

ದಪ್ಪ ಹೆಂಗಸು ನನ್ನನ್ನೇ ಕೇಳಿದರು: "ಆ ಬಡ ವಿಧವೆ ಎಲ್ಲಿರ್ತಾಳಮ್ಮಾ? ಚಿತ್ರದಲ್ಲಿರೋಳು. ಬೆನ್ನು ಬಾಗಿದೋಳು. ಉಣ್ಣೆಯ ಕಾಲುಚೀಲ ತಂದಿದೀವಿ ಪಾಪ, ಅವಳಿಗೆ."

ಕೊಯ್ಲಿನವರ ಗಂಟಲಿಗೆ ಮೊಲ ಸಿಕ್ಕಿಕೊಂಡಿತು. ನಾನೇ ಅವಳು ಎನ್ನಬಹುದಿತ್ತು. ಆದರೆ ಆ ಮುಖಗಳಲ್ಲಿ ಎಷ್ಟು ಕರುಣೆ ತುಂಬಿಕೊಂಡಿತ್ತೆಂದರೆ, ಅಷ್ಟು ದೂರದಿಂದ ಹೊತ್ತು ತಂದದ್ದನ್ನು ಇಳಿಸಲು ಜಾಗವೇ ಇಲ್ಲವೆಂದು ಹೇಳುವುದು ಹೇಗೆ? "ಅವಳು ಇಷ್ಟೊತ್ತಲ್ಲಿ ಬರಲ್ಲ. ಕೂತ್ಕೊಳ್ಳಿ, ಬಿಸಿಲಲ್ಲಿ ಬಂದಿದೀರಿ, ಒಂದು ತುತ್ತು ತಿನ್ನಿ" ಎಂದೆ. ಒಂದು ತುತ್ತು ಎಂದು ಕೂತವರು ಮೊಲದ ಮೂಳೆ ಚೀಪುವ ತನಕ ಏಳಲಿಲ್ಲ. ದಪ್ಪ ಹೆಂಗಸು ಸೊಂಟದ ಪಟ್ಟಿ ಸಡಿಲಿಸಿ, "ಇಂಥ ಸುಗ್ಗಿಯ ಮಧ್ಯ ಆ ಹೆಂಗಸು ಉಪವಾಸ ಇದಾಳಲ್ಲ! ನೀವೆಲ್ಲ ಒಂದು ತಟ್ಟೆ ಕೊಡಬಾರದಾ?" ಎಂದು ನನಗೇ ಬೈದರು.

ನೋಡಿಯೇ ಹೋಗುತ್ತೇವೆ ಎಂದು ಹಟ ಹಿಡಿದಾಗ ನನಗೆ ಬೇರೆ ದಾರಿ ಕಾಣದೆ ಬಟಾಣಿ ಮಡಿಯ ಕಡೆ ಕೈ ತೋರಿಸಿದೆ. ಅಲ್ಲಿ ಬೆದರುಬೊಂಬೆ ತನ್ನ ಲಂಗವನ್ನು ಮರಳಿ ಉಟ್ಟುಕೊಂಡು ನಿಂತಿತ್ತು.

"ಅದೇ ಲಂಗ! ಅಯ್ಯೋ, ಅದೇ!" ಎಂದು ಸಣ್ಣ ಹೆಂಗಸು ಕರವಸ್ತ್ರ ತೆಗೆದರು.

"ಎಷ್ಟು ತಾಳ್ಮೆಯಿಂದ ನಿಂತಿದಾಳೆ" ಎಂದರು ದಪ್ಪನೆಯವರು.

"ಹೌದಮ್ಮಾ, ಅವಳ ಸ್ವಭಾವವೇ ಹಾಗೆ."

"ಕರೆದ್ರೆ ಬರ್ತಾಳಾ?"

"ಇದುವರೆಗೆ ಬಂದಿಲ್ಲ."

"ಮಾತು?"

"ಯಾರ ಹತ್ರನೂ ಆಡಿದ್ದು ನಾನು ಕೇಳಿಲ್ಲ."

ಇಬ್ಬರೂ ಬೇಲಿಯ ಹತ್ತಿರ ನಿಂತು ಕಣ್ಣೀರಿಟ್ಟರು. ಸೂಪಿನ ಪಾತ್ರೆಯನ್ನೂ ಕಾಲುಚೀಲಗಳನ್ನೂ ನನ್ನ ಮೇಜಿನ ಮೇಲಿಟ್ಟು, ಅವಳಿಗೆ ತಲುಪಿಸಬೇಕೆಂದು ಆಣೆ ಮಾಡಿಸಿಕೊಂಡು ಹೋದರು. ಗಾಡಿ ತಿರುವು ದಾಟುವವರೆಗೆ ಕೊಯ್ಲಿನವರು ಹೇಗೋ ಉಸಿರು ಹಿಡಿದರು. ಆಮೇಲೆ ಹುಲ್ಲಿನ ಮೇಲೆ ಬಿದ್ದು ಹೊರಳಾಡಿದರು. ನಾನೂ ನಕ್ಕೆ. ಆದರೆ ನಗುತ್ತ ತಿರುಗಿದರೆ ಬಾಗಿಲಲ್ಲಿ ಪ್ರೂವೊ. ಅವರ ಕಣ್ಣು ಮೇಜಿನ ಮೇಲೆ.

"ಗಾಡಿಯವನನ್ನ ಕೇಳಿದೆ. ದಾನದ ಸೂಪು, ದಾನದ ಕಾಲುಚೀಲ" ಎಂದರು ಮೆಲ್ಲಗೆ. "ಈಗೇನಂತೀರಿ?"

ನಾನು ಏನು ಹೇಳಿದರೂ ಅವರ ಕಿವಿಗೆ ಬೀಳಲಿಲ್ಲ. ಬೆದರುಬೊಂಬೆಯ ಕಥೆ ಹೇಳಿದೆ. ಹೇಳುತ್ತಿದ್ದಂತೆ ನನಗೇ ಅದು ಶುದ್ಧ ಸುಳ್ಳಿನ ಹಾಗೆ ಕೇಳಿಸಿತು. ಫಿರ್ಮಾಂ ಅಂಗಳದಾಚೆ ಗಾಡಿಯಲ್ಲೇ ತಲೆ ತಗ್ಗಿಸಿ ಕೂತಿದ್ದ. ಲಿಯೊನಿ ಹೊರಗೆ ಬಂದು, ಅಳದೆ, ಕೈ ಒರೆಸಿಕೊಳ್ಳುತ್ತ ನನಗೆ ಹೇಳಿದಳು: "ಅಮ್ಮಾ, ಬೇರೆಯವರಿಗೆಲ್ಲ ಮದುವೆ ಹುಡುಗಿ ಮುಖದಿಂದ ಮುರಿಯುತ್ತೆ. ನಂದು ನಿನ್ನ ಬೆನ್ನಿಂದ ಮುರೀತು."

ಆ ಮಾತು ನನ್ನನ್ನು ಎಬ್ಬಿಸಿತು. ಪ್ರೂವೊ ಅವರ ಕುದುರೆಯ ಲಗಾಮು ಹಿಡಿದು ನಿಂತೆ.

"ಗೋಡೆಗೆ ಹಾಕಿದ್ದನ್ನೇ ನಂಬ್ತೀರಿ ತಾನೇ? ಸರಿ. ನಡೀರಿ ಪ್ಯಾರಿಸ್ಸಿಗೆ. ಆ ಗೋಡೆ ಪಕ್ಕ ನಾನು ನಿಂತ್ಕೋತೀನಿ. ಎರಡನ್ನೂ ನೋಡಿ ಆಮೇಲೆ ಹೇಳಿ."

ಅವರಿಗೂ ಪ್ಯಾರಿಸ್ ನೋಡುವ ಆಸೆಯಿತ್ತೆಂದು ಕಾಣುತ್ತದೆ. ಒಪ್ಪಿದರು.

ಮೆಲನ್ ಪಟ್ಟಣದಲ್ಲಿ ರೈಲು ಹತ್ತಿದೆವು. ನಾನು, ಪ್ರೂವೊ, ಎದುರು ಬೆಂಚಿನಲ್ಲಿ ಒಬ್ಬರನ್ನೊಬ್ಬರು ನೋಡದ ಹಾಗೆ ನಟಿಸುತ್ತಿದ್ದ ಮಕ್ಕಳಿಬ್ಬರು. ನನ್ನ ಕೈಯಲ್ಲಿ ಆನ್ಸೆಲ್ಮನ ದೊಣ್ಣೆಯಿತ್ತು. ಅದು ನಿಮಗೆಂದೇ ತಂದದ್ದು, ಸುಳ್ಳು ಯಾಕೆ ಹೇಳಲಿ. ಪ್ರದರ್ಶನದ ಬಾಗಿಲಲ್ಲಿ ಕಾವಲಿನವನು ದೊಣ್ಣೆ, ಕೊಡೆ ಎಲ್ಲ ಇಲ್ಲೇ ಇಡಿ ಎಂದು ಕಿತ್ತುಕೊಂಡ. ನಿಮ್ಮ ಅದೃಷ್ಟ.

ಒಳಗೆ ಚಿತ್ರಗಳು ನೆಲದಿಂದ ಸೂರಿನವರೆಗೆ, ಕೋಳಿಗೂಡಿನಲ್ಲಿ ಕೋಳಿ ತುಂಬಿದ ಹಾಗೆ. ಯುದ್ಧ, ಹಡಗು, ಬಟ್ಟೆ ಮರೆತುಬಂದ ದೇವತೆಗಳು. ಪ್ರೂವೊ ದೇವತೆಗಳ ಮುಂದೆ ಬೇಕಂತಲೇ ನಿಧಾನ ಮಾಡಿದರು. ಕೊನೆಗೆ ಒಂದು ಗುಂಪು ಕಂಡಿತು, ಗುಂಪಿನ ತಲೆಗಳ ಮೇಲೆ ನನ್ನ ಬೆನ್ನು.

ದೇವರೇ, ಎಂಥ ಬೆನ್ನು! ನಮ್ಮ ಚರ್ಚಿನ ಕಮಾನಿಗಿಂತ ಬಾಗಿತ್ತು. ಗುದ್ದಲಿ ಹಿಡಿದ ಕೈ ಒಣಗಿದ ಬೇರು. ಚಿತ್ರದ ಮುಂದೆ ಗಡ್ಡದ ಮಹನೀಯರೊಬ್ಬರು ಕೈ ಎತ್ತಿ ವಿವರಿಸುತ್ತಿದ್ದರು, ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ನುಗ್ಗಿ ಮುಂದೆ ಹೋಗಿ, "ಅಳೋದು ನಿಲ್ಸಿ. ಆ ಹೆಂಗಸು ನಾನೇ" ಎಂದೆ.

ಯಾರೂ ನಂಬಲಿಲ್ಲ. ಕಾವಲಿನವನು, "ಬನ್ನಿ ಅಮ್ಮಾ, ಬಿಸಿಲು ಜಾಸ್ತಿ, ಆ ಕಡೆ ಕೂತ್ಕೊಳ್ಳಿ" ಎಂದು ತೋಳು ಹಿಡಿದ. ನನಗೆ ರೋಷ ಬಂತು. ಭಾನುವಾರದ ಉಡುಪಿನಲ್ಲೇ, ಆ ನುಣುಪು ನೆಲದ ಮೇಲೆ, ಇಲ್ಲದ ಗುದ್ದಲಿ ಹಿಡಿದು, ಅಕ್ಟೋಬರಿನ ಅಷ್ಟೂ ಸಂಜೆ ನಿಂತ ಹಾಗೆಯೇ ಬಗ್ಗಿ ನಿಂತೆ. ಜನ ಚಿತ್ರ ನೋಡಿದರು, ನನ್ನನ್ನು ನೋಡಿದರು. ಗಡ್ಡದ ಮಹನೀಯರು ಕನ್ನಡಕ ಏರಿಸಿ, ಎಲ್ಲರಿಗೂ ಕೇಳುವ ಹಾಗೆ ತೀರ್ಪು ಕೊಟ್ಟರು:

"ಸಾಧ್ಯವೇ ಇಲ್ಲ. ಚಿತ್ರದಲ್ಲಿರೋಳು ಹಸಿದ ಗೂನಿ. ಈಕೆ ನೋಡಿ, ಹುಟ್ಟಿದಾಗಿಂದ ಹೊಟ್ಟೆ ತುಂಬ ತಿಂದವಳು. ಬೆನ್ನಂತೂ ಸೈನಿಕನದು!"

ನಾನು ತಟ್ಟನೆ ನೆಟ್ಟಗಾಗಿ ಪ್ರೂವೊ ಕಡೆ ತಿರುಗಿದೆ. "ಕೇಳಿದ್ರಾ? ಪ್ಯಾರಿಸ್ಸಿನ ದೊಡ್ಡೋರು ಹೇಳ್ತಿದಾರೆ!"

ಆದರೆ ಪ್ರೂವೊ ಆ ಕಡೆ ಲಕ್ಷ್ಯವನ್ನೇ ಕೊಟ್ಟಿರಲಿಲ್ಲ. ಅವರು ಚಿತ್ರದ ಕೆಳಭಾಗಕ್ಕೆ ಮೂಗು ತಾಗುವಷ್ಟು ಬಗ್ಗಿದ್ದರು. ನಿಮ್ಮ ಮಣ್ಣನ್ನು ನೋಡುತ್ತಿದ್ದರು. ಅಲ್ಲ, ನನ್ನ ಮಣ್ಣನ್ನು. ಮಳೆ ಬಿದ್ದ ಮಾರನೇ ದಿನದ ಕಪ್ಪು ಮಣ್ಣು, ಗುದ್ದಲಿ ಬಿದ್ದಲ್ಲಿ ಬೆಣ್ಣೆಯ ಹಾಗೆ ಬಿಚ್ಚಿಕೊಂಡದ್ದು.

"ಈ ಹೊಲ ನಿಮ್ದೇನಾ?" ಎಂದರು.

"ನಂದೇ. ಹೊಳೆ ಕಡೇದು. ಲಿಯೊನಿಗೆ ಅಂತ ಇಟ್ಟಿರೋದು."

"ನಿಜವಾಗ್ಲೂ ಇಷ್ಟು ಕಪ್ಪಿದೆಯಾ?"

"ಗೋಡೆಗೆ ಹಾಕಿದಾರಲ್ಲ ಮುಸ್ಯೂ. ಸರ್ಕಾರದೋರು ನೋಡಿ ಸರಿ ಅಂದಿದಾರೆ."

ಅವರು ಇನ್ನೊಂದು ಗಳಿಗೆ ನೋಡಿ, ಗಂಟಲು ಸರಿಪಡಿಸಿಕೊಂಡು, "ಬೆನ್ನು ಅಂದ್ರೆ ಏನು ಮಹಾ, ನನಗೂ ಚಳಿಗಾಲದಲ್ಲಿ ಹಿಡ್ಕೊಳ್ಳುತ್ತೆ" ಎಂದರು. ಫಿರ್ಮಾಂ ಲಿಯೊನಿಯ ಕೈ ಹಿಡಿದ. ಅವನು ಅವತ್ತು ಹಿಟ್ಟಿಲ್ಲದೆ ಬಂದಿದ್ದ, ಗುರುತು ಬೀಳಲಿಲ್ಲ.

ನೋಡಿ ಮುಸ್ಯೂ, ನೀವು ಮುರಿದ ಮದುವೆಯನ್ನು ನೀವೇ ಕೂಡಿಸಿದಿರಿ. ನನ್ನ ವಿಷಯದಲ್ಲಿ ಸುಳ್ಳು ಹೇಳಿದ ಕುಂಚ ಮಣ್ಣಿನ ವಿಷಯದಲ್ಲಿ ಹೇಳಲಿಲ್ಲ.

ಆಮೇಲೆ ಅವರೆಲ್ಲ ಕುದುರೆಗಳ ಚಿತ್ರ ನೋಡಲು ಹೋದರು. ನಾನು ಅಲ್ಲೇ ಉಳಿದೆ. ಸಿಟ್ಟು ಇನ್ನೂ ಹೊಟ್ಟೆಯಲ್ಲಿತ್ತು, ಮನಸಾರೆ ಇನ್ನೊಮ್ಮೆ ಬೈದುಬಿಡೋಣ ಎಂದೇ ನಿಂತೆ. ಆದರೆ ಬೆನ್ನನ್ನು ಬಿಟ್ಟು ಅದರ ಹಿಂದಕ್ಕೆ ನೋಡಿದೆ. ಅಲ್ಲಿ ಬೇಲಿಯ ಮೂಲೆಯ ಸೇಬಿನ ಮರ, ಮಧ್ಯಾಹ್ನ ಆನ್ಸೆಲ್ಮ್ ರೊಟ್ಟಿ ಬಿಚ್ಚಿ ಕೂರುತ್ತಿದ್ದದ್ದು ಅದರ ಬುಡದಲ್ಲಿ. ಆಚೆ ನನ್ನದೇ ಮನೆಯ ಹೊಗೆ, ಲಿಯೊನಿ ಒಲೆ ಹೊತ್ತಿಸಿದ ಹೊತ್ತು. ಹೊಲದ ತುದಿಯಲ್ಲಿ ಬೆಳಕು ಬಿಟ್ಟುಹೋಗಲು ಮನಸ್ಸಿಲ್ಲದೆ ನಿಂತಿತ್ತು. ಹುಟ್ಟಿದಾಗಿಂದ ಆ ಹೊಲದಲ್ಲಿದ್ದೇನೆ, ಯಾವಾಗಲೂ ಅದರೊಳಗಿದ್ದೆ, ಬಗ್ಗಿ ಇದ್ದೆ. ದೂರ ನಿಂತು ಅದನ್ನು ನೋಡಿದ್ದು ಅದೇ ಮೊದಲು, ಅದೂ ಪ್ಯಾರಿಸ್ಸಿನಲ್ಲಿ. ಆನ್ಸೆಲ್ಮ್ ಈಗ ಮರದ ಹಿಂದಿನಿಂದ ಎದ್ದು ಬರುತ್ತಾನೆ ಎನಿಸಿತು.

ನನ್ನ ಪಕ್ಕದಲ್ಲಿ ಯಾರೋ ಹೆಂಗಸು ಅಳುತ್ತಿದ್ದಳು. ನಾನೂ ಅಳುತ್ತಿರುವುದು ಕಂಡು ತನ್ನ ಕರವಸ್ತ್ರ ಕೊಟ್ಟಳು. "ಪಾಪ, ಅಲ್ವಾ?" ಎಂದಳು.

"ಪಾಪಾನೇ" ಎಂದೆ. "ಅಲ್ಲಿ ಮೂಲೇಲಿ ಸಣ್ಣಗೆ ಕೆಂಪಗೆ ಕಾಣ್ತಿದೆಯಲ್ಲ, ಅದು ನಮ್ಮ ಹಸು. ಆಗ್ಲೇ ಎಲೆಕೋಸಿಗೆ ನುಗ್ಗಿಬಿಟ್ಟಿದೆ."

ಅವಳು ಕರವಸ್ತ್ರ ವಾಪಸು ತೆಗೆದುಕೊಂಡು ದೂರ ಸರಿದಳು.

ಅಷ್ಟರಲ್ಲೇ ನಾನು ನಿಮ್ಮನ್ನು ಕಂಡದ್ದು. ಅಮೃತಶಿಲೆಯ ಒಬ್ಬ ಬತ್ತಲೆ ಹೆಂಗಸಿನ ಹಿಂದೆ ಅಡಗಿದ್ದಿರಿ, ಆದರೆ ಆಕೆಗೆ ಗಡ್ಡವಿರಲು ಕಾರಣವಿಲ್ಲ, ಅದೂ ನರಿಯ ಬಣ್ಣದ್ದು. ನಾನು "ಮುಸ್ಯೂ ಥ್ಯಾಕ್ಸ್ಟರ್!" ಎಂದು ಕೂಗಿದೆ. ನೀವು ಓಡಿದಿರಿ. ನಾನೂ ಓಡಿದೆ. ಇಡೀ ಸಭಾಂಗಣ ದಾರಿ ಬಿಟ್ಟಿತು. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತವಳಿಗೆ ಕಾವಲಿನವನು ನೀರು ಕೊಟ್ಟು, ಮರುಕದಿಂದ, "ಕೈಕೊಟ್ಟು ಓಡಿಹೋದ್ನೇನಮ್ಮಾ?" ಎಂದ. ಹೌದು ಎನ್ನಲೋ ಇಲ್ಲ ಎನ್ನಲೋ ತಿಳಿಯಲಿಲ್ಲ. ಮುಂದಿನ ವಾರ ನೀವು ಹಡಗು ಹತ್ತಿದಿರೆಂದು ಯೂಫ್ರಾಸಿ ಹೇಳಿದಳು.

ನಿಮ್ಮನ್ನು ಹೊಡೆಯಲು ಓಡಿಬಂದೆನೆಂದು ತಿಳಿದಿರಿ. ಬೆಳಗ್ಗೆಯಾಗಿದ್ದರೆ ಅದು ನಿಜವೇ. ಆದರೆ ಆಗ ನಾನು ಹೇಳಬೇಕೆಂದಿದ್ದದ್ದು ಬೇರೆ, ಅದನ್ನು ಹೇಳಲಿಕ್ಕೇ ಈ ಕಾಗದ: ಮುಸ್ಯೂ, ಚಿತ್ರ ಚೆನ್ನಾಗಿದೆ. ಹೆಂಗಸು ನಾನಲ್ಲ. ಆದರೆ ಆ ಸಂಜೆ ನನ್ನದೇ. ಅದನ್ನು ನನಗೆ ಕೊಟ್ಟವರು ನೀವು.

ಮದುವೆ ಸೆಪ್ಟೆಂಬರಿನಲ್ಲಿ ಆಯಿತು. ಪ್ರೂವೊ ಕುಡಿದು ಎಲ್ಲರಿಗೂ ನನ್ನ ಮಣ್ಣಿನ ಕಥೆ ಹೇಳಿದರು. ಕುಣಿಯುವಾಗ ಅವರ ಬೆನ್ನೇ ಹಿಡಿದುಕೊಂಡು ಮಾರನೇ ದಿನದವರೆಗೆ ಬಿಡಲಿಲ್ಲ. ಲಿಯೊನಿ ಈಗ ಗಿರಣಿಯಲ್ಲಿದ್ದಾಳೆ, ತಲೆಯಿಂದ ಕಾಲಿನವರೆಗೆ ಬೆಳ್ಳಗೆ, ಚೆನ್ನಾಗಿದ್ದಾಳೆ. ಬೇಸಿಗೆಗೆ ಮಗುವಾಗುತ್ತದೆ.

ಆದ್ದರಿಂದ ಆ ಆಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಮನುಷ್ಯರೇ ಇಲ್ಲದ ಬೆಟ್ಟ, ಮನುಷ್ಯರೇ ಇಲ್ಲದ ಬೇಲಿ, ಇದೆಂಥ ಚಿತ್ರ? ಆ ಕಲ್ಲುಗಳೇನು ತಾವೇ ನಡೆದು ಬಂದು ಒಂದರ ಮೇಲೊಂದು ಕೂತವೇ? ನಿಮ್ಮ ತಾಯಿಯನ್ನು ಬರೆಯಿರಿ. ಆಕೆ ನಕ್ಕರೆ ನಗಲಿ, ಬೈದರೆ ಬೈಯಲಿ, ಹೊಸ ಟೋಪಿ ಹಾಕಿಕೊಂಡು ಬಂದರೆ ಟೋಪಿಯನ್ನೂ ಬರೆಯಿರಿ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ನಿಮ್ಮ ರೋಗ ನನಗೂ ಅಂಟಿದೆ. ಸಂಜೆ ಕೆಲಸದ ನಡುವೆ ಗುದ್ದಲಿ ಊರಿ ನಿಂತುಬಿಡುತ್ತೇನೆ, ಕಣ್ಣು ಕಿರಿದು ಮಾಡಿ ನೋಡುತ್ತೇನೆ. ಹೊಲದ ಮೇಲೆ ಬೆಳಕು ಹಳದಿಯಾಗಿ, ಕೆಂಪಾಗಿ, ಹೆಸರಿಲ್ಲದ ಇನ್ನೊಂದು ಬಣ್ಣವಾಗುತ್ತದೆ. ಅದರ ಹೆಸರು ನಿಮಗೆ ಗೊತ್ತಿರಬೇಕು. ಊರಿನವರು ನನಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಮೊನ್ನೆ ಯೂಫ್ರಾಸಿ ದಾರಿಯಲ್ಲಿ ನಿಂತು ನನ್ನನ್ನು ಬಹಳ ಹೊತ್ತು ನೋಡಿ, "ಯಾರಿಗೋಸ್ಕರ ಕಾಯ್ತಿದೀಯೇ ಹೊನೊರೀನ್?" ಎಂದು ಕೇಳಿದಳು.

"ಆಲೂಗಡ್ಡೆಗೆ" ಎಂದೆ.

"ಫೆಬ್ರವರೀಲಾ?" ಎಂದಳು.

ಬೆಳಕು ಆರುವವರೆಗೆ ನಾನು ಅಲ್ಲೇ ನಿಂತಿದ್ದೆ, ಮುಸ್ಯೂ.

ನಿಮ್ಮ ಬೆರಳುಗಳಿಗೆ ನಿಮ್ಮೂರಿನ ಹಿಮ ತಾಗದಿರಲಿ, ಬಟ್ಟಲಿನ ಬಣ್ಣ ಒಣಗದಿರಲಿ, ನಿಮ್ಮ ಮೇಜಿನ ಮೇಲೆ ದಿನವೂ ಬಿಸಿ ಊಟವಿರಲಿ, ಓಡಲು ಕಾರಣವಿಲ್ಲದ ವರ್ಷ ನಿಮಗೆ ಬರಲಿ ಎಂದು ಹಾರೈಸುವ,

ನೆಟ್ಟಗಿರುವ ಬೆನ್ನಿನ,
ಹೊನೊರೀನ್ ಬೋದೆ